ಪಾರ್ವತಿನಗರದಲ್ಲಿ ಮಂಗಳನ ಕಾರುಬಾರು

ಬಳ್ಳಾರಿಯಲ್ಲಿ ಕೂತು ಮಂಗಳ ಗ್ರಹದ ಕೆಲಸ ಮಾಡುವವಳು ಫಜೀತಿಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತವೆ.

ನನ್ನ ಕೆಲಸವೇನೋ ಸರಳ. ಮಂಗಳನ ಮೇಲೆ ಒಂದು ಯಂತ್ರ ಇಳಿದಿತ್ತು. ನೆಲ ನಡುಗಿದರೆ ದಾಖಲಿಸುತ್ತಿತ್ತು. ಗಾಳಿ, ಚಳಿ ಅಳೆಯುತ್ತಿತ್ತು. ಕೆಲವು ವರ್ಷ ದುಡಿದು, ಮೈಮೇಲೆ ಧೂಳು ಕೂತು, ಬಿಸಿಲಿನಿಂದ ಬರುವ ಕರೆಂಟು ಸಾಲದೆ ಸುಮ್ಮನಾಯಿತು. ಅದು ಕಳಿಸಿದ ಅಂಕಿಗಳ ರಾಶಿ ಮಾತ್ರ ಉಳಿದಿದೆ. ಅದನ್ನು ವಿಂಗಡಿಸಿ, ಹೆಸರು ಹಚ್ಚಿ, ಮುಂದೆ ಎಂದೋ ಯಾರೋ ತೆರೆದು ನೋಡಿದರೂ ಅರ್ಥವಾಗುವಂತೆ ಜೋಡಿಸಿಡುವ ತಂಡದಲ್ಲಿ ನಾನೂ ಒಬ್ಬಳು. ಪಾರ್ವತಿನಗರದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯೇ ಆಫೀಸು. ಇದಿಷ್ಟನ್ನು ನೆಂಟರಿಗೆ, ಓಣಿಯವರಿಗೆ ವಿವರಿಸಿದ್ದೇ ತಡ, ಶುರುವಾಯಿತು.

ಮಳಿ ಐತೇನು

ಸಿರುಗುಪ್ಪದಲ್ಲಿ ನನ್ನ ಸೋದರಮಾವ ಭತ್ತ ಬೆಳೆಯುತ್ತಾರೆ. ಕೊಯ್ಲು ಮುಗಿದರೆ ಊರಿನವರೆಲ್ಲ ರಸ್ತೆಯ ಒಂದು ಬದಿಗೆ ಭತ್ತ ಹರವಿ ಒಣಗಿಸುವುದು ರೂಢಿ. ಒಂದು ಮುಂಜಾನೆ ಮಾವನ ಫೋನು.

"ಏನವಾ, ಇವತ್ತು ಮಳಿ ಐತೇನು?"

"ನಂಗ ಹೆಂಗ ಗೊತ್ತಾಗ್ಬೇಕು ಮಾವ?"

"ಹವಾಮಾನದ ಕೆಲಸ ಮಾಡ್ತಿಯಂತಲ್ಲ, ನಿಮ್ಮವ್ವ ಹೇಳಿದ್ಲು."

"ಅದು ಮಂಗಳ ಗ್ರಹದ್ದು ಮಾವ. ಅಲ್ಲಿ ಮಳಿನ ಬರಂಗಿಲ್ಲ."

"ಬರಂಗಿಲ್ಲ ಅಂದ್ರ ಈ ವಾರ ಬರಂಗಿಲ್ಲೋ, ಈ ತಿಂಗಳ ಬರಂಗಿಲ್ಲೋ?"

"ಕೋಟ್ಯಂತರ ವರ್ಷದಿಂದ ಬಂದಿಲ್ಲ."

"ಹಂಗಾದ್ರ ಚಿಂತಿಲ್ಲ ಬಿಡು," ಎಂದು ಮಾವ ಫೋನಿಟ್ಟರು.

ಅವರು ನೇರ ರಸ್ತೆಗೆ ಹೋಗಿ, "ನಮ್ಮ ಹುಡುಗಿ ಆಫೀಸಿಂದ ಪಕ್ಕಾ ಸುದ್ದಿ ಬಂದೈತಿ, ಮಳಿ ಇಲ್ಲ," ಎಂದು ಸಾರಿದ್ದು ನನಗೆ ಗೊತ್ತಾದದ್ದು ಸಂಜೆಯ ಫೋನಿನಲ್ಲಿ. ತಾಡಪತ್ರಿ ಮನೆಯಲ್ಲೇ ಬಿಟ್ಟು ಎಲ್ಲರೂ ಭತ್ತ ಹರವಿದ್ದರು. ಮಧ್ಯಾಹ್ನ ಮೋಡ ಕವಿದು ದಪ್ಪ ದಪ್ಪ ಹನಿ ಬೀಳತೊಡಗಿತು. ಚಹಾದಂಗಡಿಯಲ್ಲಿ ಕೂತವರು ಎದ್ದು ಬಂದರು, ಬಸ್ಸು ನಿಲ್ಲಿಸಿ ಒಳಗಿದ್ದವರೂ ಇಳಿದರು, ಎಲ್ಲರೂ ಕೂಡಿ ಬಳಿದು ಚೀಲ ತುಂಬಿದರು. ಅಂತೂ ಹೆಚ್ಚಿನದು ಉಳಿಯಿತು.

ನಾನು ಅಂಜುತ್ತಲೇ ಕೇಳಿದೆ. "ಮಾವ, ಮಂದಿ ನನ್ನ ಬೈಯಾಕತ್ತಾರೇನು?"

"ನಿನ್ನ ಯಾಕ ಬೈತಾರವಾ? ನಾನ ಹೇಳೀನಿ, ನಮ್ಮ ಹುಡುಗಿ ಸುದ್ದಿ ಖರೇನ ಐತಿ, ಈ ಮೋಡಕ್ಕ ಅದು ಇನ್ನೂ ಮುಟ್ಟಿಲ್ಲ ಅಂತ."

ತಂಪು

ಪಕ್ಕದ ಮನೆಗೆ ಕಂಟೋನ್ಮೆಂಟಿನಿಂದ ಒಬ್ಬ ಅಜ್ಜಿ ಮಗನ ಹತ್ತಿರ ಇರಲು ಬಂದರು. ಬೇಸಿಗೆಯ ಮಧ್ಯಾಹ್ನ ಕರೆಂಟು ಹೋಗಿ, ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆ ನಾನು ಕೆಲಸ ಮಾಡುತ್ತಿದ್ದರೆ ಬೀಸಣಿಗೆ ಹಿಡಿದು ಬಂದು ಕೂರುವರು.

"ಎಷ್ಟೈತಿ ಅಲ್ಲಿ?"

ನಾನು ಎದುರಿಗೆ ತೆರೆದಿದ್ದ ಹಳೆಯ ದಿನದ ಅಂಕಿ ನೋಡಿ ಹೇಳುತ್ತಿದ್ದೆ. "ಸೊನ್ನಿಗಿಂತ ಎಪ್ಪತ್ತು ಕೆಳಗ, ಅಜ್ಜಿ."

"ಆಹಾ," ಎಂದು ಅಜ್ಜಿ ಬೀಸಣಿಗೆ ನಿಲ್ಲಿಸಿ ಕಣ್ಣು ಮುಚ್ಚುವರು. ದಿನಾ ಇದೇ. ಒಮ್ಮೆ ಮೂವತ್ತು ಕೆಳಗೆ ಎಂದದ್ದಕ್ಕೆ, "ಇವತ್ತು ಅಲ್ಲೂ ಸೆಕಿ," ಎಂದು ಬೇಸರದಿಂದ ಎದ್ದು ಹೋದರು.

ಕೊನೆಗೆ ಕಂಪ್ಯೂಟರು ಬಿಸಿಯಾಗುತ್ತದೆಂದು ಕೋಣೆಗೆ ಏಸಿ ಹಾಕಿಸಿದೆ. ಮರುದಿನ ಅಜ್ಜಿ ಬಂದು ಕೂತರು. ತಲೆ ಮೇಲಿನಿಂದ ತಣ್ಣಗೆ ಗಾಳಿ ಬಂತು. ಅಜ್ಜಿ ಮೇಲೆ ನೋಡಿದರು, ಲ್ಯಾಪ್‌ಟಾಪ್ ನೋಡಿದರು, ಸೆರಗು ಹೊದ್ದುಕೊಂಡು ಹೇಳಿದರು: "ಅಂತೂ ಅಲ್ಲಿಂದ ಪೈಪ್ ಹಾಕಿದ್ರಲ್ಲ, ಚಲೋ ಆತು."

ರೊಟ್ಟಿ

ಹೊಸದಾಗಿ ಸೇರಿದವರಿಗೆ ಕಂಪನದ ಗೆರೆ ಓದುವುದನ್ನು ಕಲಿಸುವ ಕೆಲಸ ನನಗೆ ಕೊಡಬೇಕೋ ಬೇಡವೋ ಎಂದು ನೋಡಲು ನಮ್ಮ ಮುಖ್ಯಸ್ಥರು ಒಂದು ದಿನ ಆ ಹೊಸಬರ ಜೊತೆ ವಿಡಿಯೋದಲ್ಲಿ ಬಂದು ಕೂತರು. ನೆಲದ ಮೇಲೆ ಒಂದು ಪುಟ್ಟ ಕಂಪನಮಾಪಕ ಇಟ್ಟು, "ನೋಡಿ, ಎಲ್ಲ ಶಾಂತವಾಗಿದ್ದರೆ ಗೆರೆ ಹೀಗೆ ನೆಟ್ಟಗೆ ಹೋಗುತ್ತದೆ," ಎಂದೆ.

ಗೆರೆ ನೆಟ್ಟಗೆ ಹೋಗಲಿಲ್ಲ. ಒಂದೇ ಸಮ ಕುಣಿಯಿತು, ಸ್ವಲ್ಪ ಹೊತ್ತು ಸುಮ್ಮನಾಯಿತು, ಮತ್ತೆ ಕುಣಿಯಿತು.

"ಇದು ಏನಿರಬಹುದು?" ಎಂದು ಮುಖ್ಯಸ್ಥರು ಹೊಸಬರನ್ನು ಕೇಳಿದರು. ಒಬ್ಬ ಅದಿರಿನ ಲಾರಿ ಎಂದ. ಒಬ್ಬಳು ರೈಲು ಎಂದಳು. ಇನ್ನೊಬ್ಬ ಬಹಳ ಯೋಚಿಸಿ, ಬಂಡೆ ಒಡೆಯುತ್ತಿರಬೇಕು ಎಂದ.

ನನಗೆ ಬೇರೆ ದಾರಿ ಇರಲಿಲ್ಲ. "ಸರ್, ಮೇಲಿನ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ನಡುವೆ ಸುಮ್ಮನಾಗುತ್ತದಲ್ಲ, ಅದು ರೊಟ್ಟಿ ಎತ್ತಿ ಹಂಚಿಗೆ ಹಾಕುವ ಹೊತ್ತು."

ಮುಖ್ಯಸ್ಥರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಕಲಿಸುವ ಕೆಲಸ ನನಗೇ ಕೊಟ್ಟರು.

ಆ ಸಂತೋಷಕ್ಕೆ ಮೇಲೆ ಹೋಗಿ ಮನೆ ಮಾಲೀಕರ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರ ಮುಖ ಬಾಡಿತು.

"ಒಂದು ಮಾತು ಮೊದಲ ಹೇಳಬಾರದೇನು? ಅಷ್ಟು ದೊಡ್ಡ ಮಂದಿ ನೋಡೋ ಹೊತ್ತಿನಾಗ ಬರೇ ಜೋಳದ್ದು ಮಾಡಿಬಿಟ್ಟೆ. ಎಳ್ಳು ಹಚ್ಚಿ ಸಜ್ಜಿ ರೊಟ್ಟಿ ಮಾಡ್ತಿದ್ದೆನಲ್ಲ."

ಕುಜನ ಆಫೀಸು

ನನ್ನ ಚಿಕ್ಕಪ್ಪನ ಮಗಳು ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಕುರುಗೋಡಿನ ಒಬ್ಬ ಮೇಷ್ಟ್ರನ್ನು ಮೆಚ್ಚಿದ್ದಳು, ಅವನೂ ಮೆಚ್ಚಿದ್ದ. ಎಲ್ಲ ಕೂಡಿ ಬಂದಾಗ ಹುಡುಗನ ತಾಯಿ, "ಹುಡುಗಿ ಜಾತಕದಾಗ ಕುಜದೋಷ ಐತಿ," ಎಂದು ಕೂತುಬಿಟ್ಟರು. ಕುಜ ಅಂದರೆ ಇದೇ ಮಂಗಳ. ತಂಗಿ ಊಟ ಬಿಟ್ಟಳು. ಚಿಕ್ಕಮ್ಮ ಯೋಚಿಸಿ ಯೋಚಿಸಿ ಆ ತಾಯಿಯನ್ನು ನಮ್ಮ ಮನೆಗೇ ಕರೆದುಕೊಂಡು ಬಂದರು.

"ನೀವು ಕುಜನ ಆಫೀಸಿನಾಗ ಅದೀರಂತ," ಎಂದರು ಹುಡುಗನ ತಾಯಿ. "ಹೆಂಗದಾನ ಈಗ?"

ಸುಳ್ಳು ಹೇಳಲು ಮನಸ್ಸಿಲ್ಲ; ತಂಗಿ ನೋಡಿದರೆ ಅಡುಗೆಮನೆ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಾಳೆ. ಇದ್ದದ್ದನ್ನು ಇದ್ದ ಹಾಗೆ ತೋರಿಸೋಣವೆಂದು ಮೊದಲು ಲ್ಯಾಪ್‌ಟಾಪಿನಲ್ಲಿ ಮಂಗಳನ ಒಂದು ದೊಡ್ಡ ಕಂಪನದ ಗೆರೆ ತೆರೆದೆ. ಆಕೆ ಕುರ್ಚಿ ಹಿಂದೆ ಸರಿಸಿದರು.

"ಯವ್ವಾ, ಇದು ಯಾವಾಗಿನ ಸಿಟ್ಟು?"

"ಹಳೇದ್ರಿ."

ಆಮೇಲೆ ಕಡೆಯ ದಿನಗಳ ಗೆರೆ ತೋರಿಸಿದೆ. ಹೆಚ್ಚೂಕಡಿಮೆ ನೆಟ್ಟಗಿತ್ತು.

"ಇದಾದ ಮ್ಯಾಲ?"

"ಇದಾದ ಮ್ಯಾಲ ಅಲ್ಲಿಂದ ಏನೂ ಬಂದಿಲ್ರಿ."

"ಒಂದೂ ಇಲ್ಲ?"

"ಒಂದೂ ಇಲ್ಲ. ಯಾಕಂದ್ರ, ಆ ಯಂತ್ರದ ಮ್ಯಾಲ ಧೂಳು ಕೂತು..."

ಮುಂದಿನ ಮಾತು ಹೊರಡಲಿಲ್ಲ. ಚಿಕ್ಕಮ್ಮ ನನ್ನ ಬಾಯಿಗೆ ಒಂದು ಇಡೀ ಬೇಸನ್ ಉಂಡೆ ತುರುಕಿದ್ದರು. "ಬಾಯಿ ಸಿಹಿ ಮಾಡ್ಕೊ, ಭಾಳ ಮಾತಾಡಿದಿ."

ನಾನು ಉಂಡೆ ನುಂಗಿ, ಯಂತ್ರ ಕೆಟ್ಟ ಸಂಗತಿ ಹೇಳುವಷ್ಟರಲ್ಲಿ ಹುಡುಗನ ತಾಯಿ ತಂಗಿಯ ತಲೆಗೆ ಹೂವು ಮುಡಿಸುತ್ತಿದ್ದರು. ಕುರುಗೋಡಿನಲ್ಲಿ ಮದುವೆ ಚೆನ್ನಾಗಿಯೇ ಆಯಿತು.

ಕೆಲವು ತಿಂಗಳಾದ ಮೇಲೆ ಹುಡುಗನ ತಾಯಿಯಿಂದ ಫೋನು ಬಂತು. ದನಿ ಸಣ್ಣದಾಗಿತ್ತು.

"ಅವ್ವಾ, ನಿನ್ನ ಕಂಪ್ಯೂಟರ್ ಹಚ್ಚೀಯೇನು?"

"ಹೂನ್ರಿ, ಯಾಕ್ರಿ?"

"ಸೊಸಿ ಮುಂಜಾನಿಂದ ಮಾತಾಡವಲ್ಲಳು. ನಾ ಏನೂ ಅಂದಿಲ್ಲ, ಸಾರಿಗೆ ಉಪ್ಪು ಜಾಸ್ತಿ ಆಗೈತಿ ಅಂದೆ, ಅಷ್ಟ. ಆ ಗೆರಿ ಒಮ್ಮೆ ನೋಡವ್ವ, ಏನರ ಅಲುಗಾಡೈತೇನು."

ನೋಡುವುದಕ್ಕೆ ಏನೂ ಇರಲಿಲ್ಲ. ಆದರೂ ನೋಡಿದೆ. "ಇಲ್ರಿ, ಏನೂ ಇಲ್ಲ."

ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿತು.

"ಹಂಗಾದ್ರ ಇದು ಕುಜಂದಲ್ಲ, ನಂದ ಇರಬೇಕು. ಇಡು ಫೋನು, ಹೋಗಿ ಮಾತಾಡಸ್ತೀನಿ."