ಮನೆಗೆ ಬಂದು ಕರೆದರೆ ಮಾತ್ರ ನೋಡುವ ವಿಡಿಯೋ

ಒಳ್ಳೆಯ ವಿಡಿಯೋ ಮಾಡಿ ಹಾಕಿದರೆ ಜನ ತಾವಾಗಿಯೇ ನೋಡುತ್ತಾರೆ ಎಂದು ನಾನು ನಂಬಿದ್ದೆ. ನಂಜನಗೂಡಿನಲ್ಲಿ ಇಷ್ಟು ವರ್ಷ ಮೇಷ್ಟ್ರಾಗಿದ್ದವನಿಗೆ ಜನರ ಬಗ್ಗೆ ಇಷ್ಟಾದರೂ ತಿಳಿದಿರಬೇಕಿತ್ತು. ತಿಳಿದಿರಲಿಲ್ಲ!

ಹೆಡತಲೆ ಊರಿನಲ್ಲಿರುವ ದೊಡ್ಡವ್ವ, ಅಂದರೆ ನಮ್ಮಮ್ಮನ ಅಕ್ಕ, ಸೋಬಾನೆ ಪದ ಹಾಡುವವಳು. ಒಂದು ಕಾಲಕ್ಕೆ ಸುತ್ತಲಿನ ಊರುಗಳಲ್ಲಿ ಅವಳ ಪದವಿಲ್ಲದೆ ಮದುವೆ ಹೆಣ್ಣಿಗೆ ಅರಿಶಿನ ಹಚ್ಚುತ್ತಿರಲಿಲ್ಲ. ಈಗ ಅವಳು ಬಾಯಿ ತೆರೆಯುವಷ್ಟರಲ್ಲಿ ಡಿಜೆಯವನು ಸ್ಪೀಕರ್ ಹಾಕಿರುತ್ತಾನೆ.

"ನಾ ಓಯ್ತಿದ್ದಂಗೆ ಪದನೂ ಓಯ್ತದೆ ಕನ ಮಗ. ಯಾರಾರ ಒಬ್ರು ಕಲ್ತ್ಕಂಡ್ರೆ ಸಾಕು," ಎಂದಳು.

"ಒಬ್ರೇನು ದೊಡ್ಡವ್ವ, ಲೋಕಾನೇ ಕಲಿಯುತ್ತೆ!" ಎಂದು ನಾನು ಘೋಷಿಸಿಬಿಟ್ಟೆ.

ಮಾಡಿದೆ ನೋಡಿ, ವಿಡಿಯೋ! ಕಪಿಲಾ ಹೊಳೆಯ ಮೇಲೆ ಡ್ರೋನ್ ಹಾರಿಸಿದೆ. ಪ್ರತಿ ಸಾಲಿಗೂ ಕೆಳಗೆ ಅಕ್ಷರ, ಅಕ್ಷರದ ಕೆಳಗೆ ಅರ್ಥ. ಕೋಳಿ ಕೂಗಿತೆಂದು, ಬಸ್ಸು ಹಾರನ್ ಹೊಡೆಯಿತೆಂದು ಒಂದೇ ಪದವನ್ನು ದೊಡ್ಡವ್ವನ ಗಂಟಲು ಕಟ್ಟುವವರೆಗೆ ಹಾಡಿಸಿದೆ.

ಯೂಟ್ಯೂಬಿಗೆ ಹಾಕಿದೆ. ನೋಡಿದವರು ಇಬ್ಬರು. ಒಬ್ಬ ನಾನು, ನನ್ನ ಫೋನಿನಲ್ಲಿ. ಇನ್ನೊಬ್ಬನೂ ನಾನೇ, ಹೆಂಡತಿಯ ಫೋನಿನಲ್ಲಿ!

ಟಿ. ನರಸೀಪುರದಲ್ಲಿರುವ ಹೆಂಡತಿಯ ಅಣ್ಣನಿಗೆ ಫೋನ್ ಮಾಡಿದೆ. "ಭಾವ, ಲಿಂಕ್ ಕಳಿಸಿದ್ನಲ್ಲ, ನೋಡಿದ್ರಾ?"

"ಅಲ್ಲ ಕಣಯ್ಯಾ, ಗ್ರೂಪಿಗೆ ಎಸ್ದ್ಬುಟ್ರೆ ಆಗೋಯ್ತಾ? ಕರ್ಯೋ ರೀತೀಲಿ ಕರೀಬೇಡ್ವಾ? ಮನೆ ಬಾಗ್ಲಿಗೆ ಬಂದು ಯೋಳಕ್ಕೆ ಕಾಲ್ನೋವಾ ನಿಂಗೆ?"

ಸರಿ. ಕುಂಕುಮದ ಬಟ್ಟಲು ಹಿಡಿಸಿ ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡೆ. ಬಿಳಿಗೆರೆಯಿಂದ ನರಸೀಪುರದವರೆಗೆ ನೆಂಟರ ಮನೆಮನೆಗೂ ಹೋಗಿ, "ತಾವು ಸಕುಟುಂಬ ಸಮೇತರಾಗಿ ನಮ್ಮ ವಿಡಿಯೋ ನೋಡಿ ಹರಸಬೇಕು" ಎಂದು ಕೈ ಮುಗಿದೆ. ಎಲ್ಲರಿಗೂ ಸಂತೋಷವಾಯಿತು.

"ಅದ್ಕೇನಂತೆ, ಭಾನ್ವಾರ ಬತ್ತೀವಿ."

"ಎಲ್ಲಿಗೆ?"

"ನಿಮ್ಮನೇಗೆ! ಕರ್ದಿದ್ದೀರಲ್ಲಾ!"

ಮನೆಗೆ ಬಂದ ಮೇಲೆ ಹೆಂಡತಿ ಈರುಳ್ಳಿ ಬುಟ್ಟಿಯನ್ನು ನನ್ನ ಮುಂದಿಟ್ಟಳು. ಒಂದೇ ಮಾತು: "ಕರ್ದೋರು ನೀವು. ಈರುಳ್ಳಿ ಹೆಚ್ಚೋರೂ ನೀವೇ ಕಣ್ರೀ."

ಭಾನುವಾರ ಮನೆ ತುಂಬ ಜನ. ಮುದ್ದೆ, ನಾಟಿ ಕೋಳಿ ಸಾರು ಮುಗಿದ ಮೇಲೆ ದೊಡ್ಡವ್ವನನ್ನು ಮುಂದೆ ಕೂರಿಸಿ ಟಿವಿಯಲ್ಲಿ ವಿಡಿಯೋ ಹಾಕಿದೆ. ಡ್ರೋನ್ ಹೊಳೆ ದಾಟುವಷ್ಟರಲ್ಲಿ ಅರ್ಧ ಮನೆ ಗೊರಕೆ ಹೊಡೆಯುತ್ತಿತ್ತು. ಎಚ್ಚರವಿದ್ದ ಭಾವ, "ಇದ್ರಲ್ಲಿ ನಮ್ಮನ್ನೆಲ್ಲ ಯಾಕ್ ತೋರ್ಸಿಲ್ಲ?" ಎಂದು ಮುನಿಸಿಕೊಂಡರು.

ನೆಂಟರು ಹೊರಟ ಕೂಡಲೇ ಆಸೆಯಿಂದ ಫೋನ್ ತೆಗೆದು ನೋಡಿದೆ. ನೋಡಿದವರ ಲೆಕ್ಕ ಎರಡು ಇದ್ದದ್ದು ಮೂರಾಗಿತ್ತು! ಅಷ್ಟೂ ನೆಂಟರು ಒಂದೇ ಟಿವಿಯ ಮುಂದೆ ಕೂತರೆ ಅದು ಒಬ್ಬರು ನೋಡಿದಂತೆಯೇ ಲೆಕ್ಕವಂತೆ. ಅತ್ತ ಭಾವ ನಮ್ಮ ಮನೆಯ ಎಲೆಯ ಮುಂದೆ ಕೂತು ಮೂಳೆ ಕಡಿಯುವುದನ್ನು ತಾವೇ ವಿಡಿಯೋ ಮಾಡಿ ಹಾಕಿಕೊಂಡಿದ್ದರು. ಅದನ್ನು ಆಗಲೇ ಸಾವಿರಾರು ಜನ ನೋಡಿದ್ದರು. ನನ್ನ ಹೊಟ್ಟೆ ಉರಿದುಹೋಯಿತು. ಅಳುವೊಂದು ಬಾಕಿ.

ದೊಡ್ಡವ್ವನ ಮುಂದೆ ಕೂತು ಜನರನ್ನು ಬಾಯಿಗೆ ಬಂದಂತೆ ಬೈದೆ. ರುಚಿಗೆಟ್ಟವರು, ಊಟಕ್ಕೆ ಹುಟ್ಟಿದವರು, ನಮ್ಮ ಪದವೊಂದನ್ನು ಎರಡು ನಿಮಿಷ ಕೇಳುವ ಯೋಗ್ಯತೆಯಿಲ್ಲದವರು! ಅವಳು ಎಲೆಗೆ ಸುಣ್ಣ ಹಚ್ಚುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಓಗ್ಲಿ ಬುಡು ಮಗ. ಆ ಪದವ ನೀನು ಎಷ್ಟ್ ಸತಿ ಕೇಳಿದ್ದಯ್?"

"ಲೆಕ್ಕಾನೇ ಇಲ್ಲ ದೊಡ್ಡವ್ವ!" ಎಂದೆ ಹೆಮ್ಮೆಯಿಂದ.

ಅವಳ ಮುಖ ಅರಳಿತು. "ಅಂಗಾರೆ ಒಬ್ಬನಾರ ಸಿಕ್ದ ಕನ. ಎಲ್ಲಿ, ಒಂದ್ ಸಾಲು ಯೋಳು."

ಬಾಯಿ ತೆರೆದೆ. ಡ್ರೋನ್ ಎಷ್ಟು ಎತ್ತರದಲ್ಲಿತ್ತು, ಮೈಕು ಎಲ್ಲಿ ಸಿಕ್ಕಿಸಿದ್ದೆ, ಕೋಳಿ ಯಾವಾಗ ಕೂಗಿತ್ತು, ಎಲ್ಲವೂ ನೆನಪಿತ್ತು. ಪದದ ಮೊದಲ ಸಾಲು ಮಾತ್ರ ಬರಲಿಲ್ಲ.