ಏಷ್ಯಾದ ಒಲೆ, ನನ್ನ ವಾಲ್ವು

ಯುದ್ಧಗಳೆಲ್ಲ ದೊಡ್ಡವರ ನಡುವೆಯೇ ನಡೆಯುತ್ತವೆ. ಅವುಗಳ ತಮಾಷೆ ಮಾತ್ರ ಹೇಗೋ ದಾರಿ ಕೇಳಿಕೊಂಡು ಕೊಲ್ಲಿ ದೇಶದ ಅಲ್ ಹಿಲಾಲ್‌ನ ನನ್ನ ಫ್ಲ್ಯಾಟಿಗೇ ಬರುತ್ತದೆ.

ನಾನು ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಕಾಂಟ್ರ್ಯಾಕ್ಟ್ ಮೇಲೆ ವಾಲ್ವುಗಳಿಗೆ ಗ್ರೀಸ್ ಹಾಕುವವನು. ಊರಿಗೆ ಹೋದಾಗ ಇಷ್ಟು ಸಣ್ಣದಾಗಿ ಹೇಳುವುದಿಲ್ಲ. ನಾನೊಂದು ವಾಲ್ವ್ ತಿರುಗಿಸಿದರೆ ಅರ್ಧ ಏಷ್ಯಾ ಖಂಡದ ಒಲೆ ಆರುತ್ತದೆ ಎನ್ನುತ್ತೇನೆ. ಈಗ ಯುದ್ಧ ಬಂತು, ಪ್ಲಾಂಟ್ ನಿಂತಿತು, ಗ್ಯಾಸ್ ಹಡಗುಗಳೂ ನಿಂತವು. ನಮ್ಮನ್ನು ಮನೆಯಲ್ಲಿ ಕೂರಿಸಿದರು. ಕೆಲಸ ಉಳಿಯುತ್ತದೋ ಹೋಗುತ್ತದೋ, ಯಾರೂ ಬಾಯಿಬಿಡಲಿಲ್ಲ.

ನನ್ನ ಧೈರ್ಯ

ಹೆಂಡತಿ ಊರಿಂದ ಬಂದು ತಿಂಗಳೂ ಆಗಿರಲಿಲ್ಲ. ಅವಳಿಗೆ ಧೈರ್ಯ ತುಂಬುವ ಕೆಲಸ ನನ್ನದಾಯಿತು. ಊಟಕ್ಕೆ ಕೂತು, ಬಂದ ಕ್ಷಿಪಣಿಯನ್ನು ಇಲ್ಲಿನ ಸೈನ್ಯದವರು ಆಕಾಶದಲ್ಲೇ ಒಡೆಯುತ್ತಾರೆ, ಸದ್ದು ಕೇಳಿದರೆ ಸಾಕು ಎಲ್ಲಿ ಒಡೆಯಿತೆಂದು ನಾನು ಹೇಳಬಲ್ಲೆ ಎಂದು ವಿವರಿಸುತ್ತಿದ್ದೆ. ದಢಾರ್ ಎಂದಿತು. ಕಿಟಕಿಯ ಗಾಜು ನಡುಗಿತು. ಕಣ್ಣು ಬಿಟ್ಟಾಗ ನಾನು ಮೇಜಿನ ಕೆಳಗಿದ್ದೆ.

ಅವಳು ಬಗ್ಗಿ ನೋಡಿ, ಎಲ್ಲಿ ಒಡೆಯಿತು ಎಂದು ಕೇಳಿದಳು. ಚಮಚ ಬಿತ್ತು, ಹುಡುಕುತ್ತಿದ್ದೇನೆ ಎಂದೆ. ಉಣ್ಣುತ್ತಿದ್ದದ್ದು ಕೈಯಲ್ಲಿ. ಅಷ್ಟರಲ್ಲಿ ಎರಡನೆಯದು ಸಿಡಿಯಿತು.

“ಸ್ವಲ್ಪ ಆಚೆ ಸರೀರಿ,” ಎಂದಳು. “ನಾನೂ ಹುಡುಕುತ್ತೇನೆ.”

ಅತ್ತೆಯ ಫೋನು

ಗ್ಯಾಸ್ ಹೋಗುತ್ತಿದ್ದಾಗ ಎಲ್ಲಿಗೆ ಹೋಗುತ್ತದೆಂದು ನಾನು ಕೇಳಿದವನಲ್ಲ. ನಿಂತ ಮೇಲೆ ತಿಳಿಯಿತು. ನನ್ನ ಜೊತೆ ಗ್ರೀಸ್ ಹಾಕುವ ಬಾಂಗ್ಲಾದವನ ತಂಗಿ ಬಟ್ಟೆ ಹೊಲಿಯುವ ಫ್ಯಾಕ್ಟರಿಗೆ ಕರೆಂಟಿಲ್ಲ. ಲಾಹೋರಿನ ಫೋರ್‌ಮನ್ನನ ಅಣ್ಣ ದುಡಿಯುವ ಗೊಬ್ಬರದ ಕಾರ್ಖಾನೆಗೆ ಬೀಗ. ಮಂಗಳೂರಲ್ಲಿ ಅತ್ತೆಯ ಮನೆಯೆದುರಿನ ಹೋಟೆಲಿನಲ್ಲಿ ಸಿಲಿಂಡರ್ ಸಿಗದೆ ದೋಸೆ ಬಂದ್, ಬರೀ ಮೊಸರವಲಕ್ಕಿ. ಇಡೀ ಖಂಡವೇ ಕೆಲಸವಿಲ್ಲದೆ ಕೂತರೆ ನನ್ನದೆಲ್ಲಿ ಉಳಿದೀತು?

ಆಗ ಅತ್ತೆಯ ಫೋನು ಬಂತು. ದನಿ ತಗ್ಗಿಸಿ ಮಾತಾಡಿದರು.

“ಅಳಿಯಂದ್ರೇ, ಯಾರ ಮೇಲೆ ಸಿಟ್ಟಿನಲ್ಲಿ ಆ ವಾಲ್ವ್ ತಿರುಗಿಸಿದ್ರಿ? ನಾನು ಯಾರಿಗೂ ಹೇಳುದಿಲ್ಲ. ಮೆಲ್ಲ ಹೋಗಿ ಒಂಚೂರು ಬಿಚ್ಚಿ ಬನ್ನಿ.”

ಸೂಪರ್‌ವೈಸರ್ ಮಾತಾಡಿದರು

ಕೊನೆಗೆ ಒಂದು ಬೆಳಿಗ್ಗೆ ನಮ್ಮ ಅರಬ್ಬಿ ಸೂಪರ್‌ವೈಸರ್ ಫೋನ್ ಮಾಡಿದರು. ಹೆಂಡತಿಯೇ ಫೋನೆತ್ತಿ ಸ್ಪೀಕರ್ ಒತ್ತಿದಳು. ಅರಬ್ಬಿ ಅಂದರೆ ಸಮುದ್ರ ಎಂದಷ್ಟೇ ಗೊತ್ತಿದ್ದವಳು ಅವಳು.

“ಶುಗಲ್ ಮಾಫಿ,” ಎಂದರು ಆತ.

ಇಲ್ಲಿ ಶುಗಲ್ ಅಂದರೆ ಕೆಲಸ, ಮಾಫಿ ಅಂದರೆ ಇಲ್ಲ. ನನ್ನ ಕೆಲಸ ಹೋಯಿತೆಂದುಕೊಂಡೆ. ಹೆಂಡತಿಯ ಮುಖ ಮಾತ್ರ ಅರಳಿತು. ಮಾಫಿ ಮಾಡಿದರಂತೆ, ದೊಡ್ಡ ಮನಸ್ಸು ಎಂದು ಫೋನಿಗೇ ಕೈಮುಗಿದಳು.

ಹಾಗಾದರೆ ನಾನು ಫಿನಿಶ್ಶಾ ಎಂದು ಕೇಳಿದೆ. ಇಷ್ಟು ದಿನ ಆಕಾಶದಿಂದ ಬಿದ್ದ ಯಾವುದಕ್ಕೂ ನಾನು ಆ ಕ್ಷಣದಷ್ಟು ಹೆದರಿರಲಿಲ್ಲ.

“ಲಾ, ಲಾ. ಫಿನಿಶ್ ಮಾಫಿ,” ಎಂದರು. ಲಾ ಅಂದರೆ ಅಲ್ಲ.

ಕೆಲಸದಿಂದ ತೆಗೆಯುವುದಿಲ್ಲ, ಪ್ಲಾಂಟ್ ಶುರುವಾಗುವವರೆಗೆ ಮನೆಯಲ್ಲಿರು ಎಂದು ಹೇಳಿ ಫೋನಿಟ್ಟರು. ನಾನು ನೆಲದ ಮೇಲೇ ಕೂತು ಉಸಿರು ಬಿಟ್ಟೆ. ಬದುಕಿದೆ ಅಂದುಕೊಂಡೆ. ತಲೆಯೆತ್ತಿದರೆ ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾಳೆ; ಅರಳಿದ್ದ ಮುಖ ಮುಚ್ಚಿಕೊಂಡಿದೆ.

“ಅವರೇನೋ ಎರಡೆರಡು ಸಲ ಮಾಫಿ ಮಾಡಿದರು,” ಎಂದಳು. “ನಾನಿನ್ನೂ ಮಾಡಿಲ್ಲ. ಯಾರವಳು ಆ ಶುಗಲ್?”