ರಾತ್ರಿ ಬೆಳಗಾಗುವುದರಲ್ಲಿ ನೀಲಿ ಬೆಲ್ಟ್

ನಾನು ಕರಾಟೆ ಕಲಿತವನು ಎಂದರೆ ನನ್ನ ಹೊಟ್ಟೆ ನೋಡಿದವರು ನಂಬುವುದಿಲ್ಲ. ಕೆಲವೊಮ್ಮೆ ನಾನೂ ನಂಬುವುದಿಲ್ಲ. ನನ್ನ ನೆನಪು ತೀರಾ ಧಾರಾಳಿ, ಕೇಳದಿದ್ದರೂ ನಾಲ್ಕು ಸೇರಿಸಿಯೇ ಕೊಡುತ್ತದೆ. ಆದರೆ ಎಂಬತ್ತರ ದಶಕದ ಆ ನೀಲಿ ಬೆಲ್ಟಿನ ಪ್ರಸಂಗಕ್ಕೆ ನನ್ನ ಹೆಂಡತಿ ಶಾರದೆಯೂ ಸಾಕ್ಷಿ.

ಆಗ ನಮ್ಮ ಮನೆ ಯಲಹಂಕದಲ್ಲಿ. ಆಫೀಸು ಮುಗಿಸಿ ಆರ್.ಟಿ. ನಗರದಲ್ಲಿ ಇಳಿದು, ಒಂದು ಶಾಲೆಯ ಹಾಲಿನಲ್ಲಿ ಕಾಲೇಜು ಹುಡುಗರ ಜೊತೆ ಗಾಳಿಗೆ ಗುದ್ದುತ್ತಿದ್ದೆ. ಅಲ್ಲಿ ಮನುಷ್ಯನ ಬೆಲೆಯೆಲ್ಲ ಸೊಂಟದಲ್ಲಿ. ಬಿಳಿ ಬೆಲ್ಟಿನಿಂದ ಆರಂಭ. ಪರೀಕ್ಷೆ ಪಾಸಾದರೆ ಹಳದಿ, ಆಮೇಲೆ ಕಿತ್ತಳೆ, ಹಸಿರು, ನೀಲಿ, ಕಂದು, ಎಲ್ಲಕ್ಕೂ ಮೇಲೆ ಕಪ್ಪು. ಹಳದಿಗಾಗಿ ಹಂಬಲಿಸಿದಷ್ಟು ನಾನು ಪ್ರಮೋಷನ್ನಿಗೂ ಹಂಬಲಿಸಿರಲಿಲ್ಲ. ಬಸ್ ಸ್ಟಾಪಿನಲ್ಲೂ ಕಾಲು ತಾನಾಗಿ ಮೇಲೇಳುತ್ತಿತ್ತು!

ಪರೀಕ್ಷೆಯ ಹಿಂದಿನ ದಿನ ಶಾರದೆ ಬೆವರು ಕುಡಿದು ಮಾಸಿದ ನನ್ನ ಬೆಲ್ಟನ್ನು ಒಗೆದು, ಬೆಳ್ಳಗಾಗಲೆಂದು ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿದಳು. ಪಂಚೆಗಾದರೆ ಒಂದು ಮುಳುಗು ಸಾಕು; ದಪ್ಪ ಬೆಲ್ಟಿಗೆ ಸಾಲದೆಂದು ಪೊಟ್ಟಣವಿಡೀ ಸುರಿದು ನೆನೆಹಾಕಿ ಮಲಗಿದಳು. ಬೆಳಿಗ್ಗೆ ಬಕೆಟ್ಟಿನೊಳಗೆ ಇಣುಕಿದ ನಾನು ಕಿರುಚಿಕೊಂಡೆ.

"ಇದೇನೇ ಇದು! ಈ ಬಣ್ಣಕ್ಕೆ ವರ್ಷಗಟ್ಟಲೆ ಒದೆ ತಿನ್ಬೇಕು ಕಣೇ!"

"ಒದೆ ಇಲ್ದೇನೇ ಸಿಕ್ತಲ್ಲ, ಕಟ್ಕೊಂಡ್ ಹೋಗ್ರೀ. ಬಸ್ ಹೊರಟೋಗತ್ತೆ."

ಬೇರೆ ಬೆಲ್ಟ್ ಇರಲಿಲ್ಲ. ಬೆಲ್ಟ್ ಇಲ್ಲದೆ ಪರೀಕ್ಷೆಯಿಲ್ಲ. ಒದ್ದೆಯದನ್ನೇ ಬಿಗಿದು ಬಿಳಿಯವರ ಸಾಲಿನಲ್ಲಿ ನಿಂತೆ. ನಮ್ಮ ಮಾಸ್ಟರ್ ಕಾಫಿ ತರಲು ಹೋಗಿದ್ದರು. ಹೊರಗಿನಿಂದ ಬಂದಿದ್ದ ಪರೀಕ್ಷಕರಿಗೆ ನನ್ನ ಪರಿಚಯವಿಲ್ಲ.

"ಏನ್ರೀ, ನೀಲಿಯವ್ರು ಇಲ್ಲೇನ್ ಮಾಡ್ತಿದೀರಾ? ಮುಂದಕ್ ಬನ್ನಿ!"

ನಮ್ಮಲ್ಲಿ ಹಿರಿಯರು ಏನೇ ಅನ್ನಲಿ, ಎದುರು ಮಾತಿಲ್ಲ. 'ಓಸ್' ಎಂದು ಬಾಗಬೇಕು. ಬಾಗಿದೆ. ನಿಜವಾದ ನೀಲಿ ಬೆಲ್ಟಿನವನೊಬ್ಬ ಎದುರಿಗೆ ಬಂದ. ನನ್ನ ನೆನಪಿನಲ್ಲಿ ಅದು ಘೋರ ಯುದ್ಧ. ನಿಜದಲ್ಲಿ ನಾನು ಬೀಳುವುದು, ಏಳುವುದು, ಬಾಗುವುದು, ಮತ್ತೆ ಬೀಳುವುದು, ಇಷ್ಟೇ ನಡೆದಿರಬೇಕು.

"ಇವ್ರನ್ನ ಒಂದ್ ಬೆಲ್ಟ್ ಕೆಳಕ್ಕೆ ಇಳ್ಸಿ," ಎಂದರು ಪರೀಕ್ಷಕರು.

ಫ್ಲಾಸ್ಕ್ ಹಿಡಿದು ಒಳಬಂದ ಮಾಸ್ಟರ್ ಗಾಬರಿಯಾದರು. "ಸಾರ್, ಅವ್ರು ಬಿಳಿ! ಅವ್ರಿಗಿಂತ ಕೆಳಗೆ ನೆಲ ಒಂದೇ ಇರೋದು!"

ನಾನಾಗ ಅಲ್ಲೇ ಬಿದ್ದಿದ್ದೆ. ಪರೀಕ್ಷಕರು ನನ್ನ ಅಂಗಿಗೆ ಇಳಿದಿದ್ದ ನೀಲಿ ನೀರನ್ನು ನೋಡಿ ನಕ್ಕೇಬಿಟ್ಟರು. "ಬಿಳಿಯಾಗಿ ಈ ನೀಲಿಯವ್ನ್ ಮುಂದೆ ಅಷ್ಟ್ ಸಲ ಎದ್ ನಿಂತ್ರಾ? ಹಳದಿ ಕೊಡ್ರೀ ಇವ್ರಿಗೆ!"

ಬಸ್ಸಿನಲ್ಲಿ ಸೀಟಿದ್ದರೂ ಯಲಹಂಕದವರೆಗೆ ಕೂರಲಿಲ್ಲ. ಸಂಭ್ರಮಕ್ಕೋ ಸೊಂಟನೋವಿಗೋ ಈಗ ಖಚಿತವಾಗಿ ಹೇಳಲಾರೆ. ಬಾಗಿಲಲ್ಲೇ ಹಳದಿ ಬೆಲ್ಟನ್ನು ಎತ್ತಿ ಹಿಡಿದೆ. ಶಾರದೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇಷ್ಟಕ್ಕೇನಾ ಒದೆ ತಿಂದು ಬಂದಿದ್ದು? ಚಿಟಿಕೆ ಅರಿಶಿನ ಹಾಕಿದ್ರೆ ಆಗ್ತಿತ್ತಲ್ರೀ!" ಎಂದಳು.

ಕಪ್ಪು ಬೆಲ್ಟಿನ ಆಸೆಯನ್ನು ನಾನು ಮನೆಯಲ್ಲಿ ಬಾಯಿಬಿಟ್ಟು ಹೇಳಲೇ ಇಲ್ಲ. ನಮ್ಮ ಬಚ್ಚಲ ಒಲೆಯಲ್ಲಿ ಮಸಿಗೇನೂ ಬರವಿರಲಿಲ್ಲ.